ಮೂವರಿಗೆ ನಾಲ್ಕು ಟಿಕೆಟ್ಟು

ಒಂದು ಜಡೆ ಹೆಣೆದಾಗಿತ್ತು, ಎರಡನೆಯದು ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ಮಗಳ ಕೂದಲನ್ನು ಬಿಡದೆ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಎತ್ತಿದಳು. ಮಾಡಿದವಳು ತಂಗಿ.

“ಅಕ್ಕಾ, ಬೈಬೇಡ. ಗುಬ್ಬೀನ ಇವತ್ತು ಇಲ್ಲಿಗೆ ಬಿಡ್ಬೇಡ. ನಮ್ಮ ಎರಡಕ್ಕೂ ಜ್ವರ, ಮೈಯೆಲ್ಲ ಗುಳ್ಳೆ. ಬೇರೆ ಮಕ್ಕಳನ್ನ ಹತ್ರ ಸೇರಿಸ್ಬೇಡಿ ಅಂದಿದಾರೆ ಡಾಕ್ಟ್ರು.”

“ಒಂಬತ್ತಕ್ಕೆ ಟ್ರೇನು ಕಣೇ! ಈಗ ಹೇಳ್ತೀಯಲ್ಲ?”

“ಜ್ವರ ನನ್ನ ಕೇಳ್ಕೊಂಡು ಬಂತಾ? ಅವಳನ್ನೂ ಕರ್ಕೊಂಡು ಹೋಗಿ. ಭಾವ ಏನೂ ಅನ್ನಲ್ಲ.”

ಭಾವ ಏನೂ ಅನ್ನುವುದಿಲ್ಲ. ತಾಪತ್ರಯ ಇದ್ದದ್ದೇ ಅಲ್ಲಿ. ಹತ್ತೊಂಬತ್ತು ದಿನದಿಂದ ಅವನು ಹೆಂಡತಿಗೆ ಒಂದು ಮಾತೂ ಅಂದಿರಲಿಲ್ಲ, ಅವಳೂ ಅಂದಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರು ಉಂಡು ಮಲಗಿ ಹತ್ತೊಂಬತ್ತು ಸಲ ಆಗಿತ್ತು.

ಅವನದು ಲಿಫ್ಟ್ ರಿಪೇರಿ ಕೆಲಸ. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರನ್ನು ಹೊರಗೆ ಎಳೆಯುವುದರಲ್ಲಿ ಎತ್ತಿದ ಕೈ. ದೂರದ ನಗರದಲ್ಲಿ ನಲವತ್ತು ಅಂತಸ್ತಿನ ಆರು ಕಟ್ಟಡಗಳು ಏಳುತ್ತಿದ್ದವು. ಎರಡು ವರ್ಷದ ಕೆಲಸ, ಸಂಸಾರ ಕರೆದೊಯ್ಯುವಂತಿಲ್ಲ. ಮನೆಯಲ್ಲಿ ಒಂದು ಮಾತೂ ಕೇಳದೆ “ಹೂಂ, ಬರ್ತೀನಿ” ಅಂದುಬಿಟ್ಟಿದ್ದ. ಅವಳಿಗೆ ಗೊತ್ತಾಗಿದ್ದು ತರಕಾರಿ ಅಂಗಡಿಯಲ್ಲಿ, ಅವನ ಜೊತೆ ಕೆಲಸ ಮಾಡುವವನ ಹೆಂಡತಿಯಿಂದ. “ಎರಡು ವರ್ಷ ಹೇಗೆ ಒಬ್ರೇ ಇರ್ತೀರೋ ಮಹರಾಯ್ತಿ!” ಅಂದಿದ್ದಳು ಆಕೆ. ಇವಳು ನಕ್ಕು, ಟೊಮೇಟೊ ಆರಿಸುತ್ತಾ, ಗೊತ್ತಿದ್ದವಳ ಹಾಗೆ ತಲೆಯಾಡಿಸಿದ್ದಳು. ಮನೆಗೆ ಬಂದು ನೋಡಿದರೆ ಚೀಲದಲ್ಲಿ ಅರ್ಧ ಕೊಳೆತ ಟೊಮೇಟೊ.

ಕಾಗದಕ್ಕೆ ಸಹಿ ಬೀಳುವುದು ಸೋಮವಾರ. ಇವತ್ತು ಶನಿವಾರ.

ವಿಶ್ವ ಅಥ್ಲೆಟಿಕ್ಸ್ ಕೂಟಕ್ಕೆ ಟಿಕೆಟ್ ತೆಗೆಸಿದ್ದು ಏಳು ತಿಂಗಳ ಹಿಂದೆ, ಮಾತು ಇದ್ದ ಕಾಲದಲ್ಲಿ. ಹತ್ತು ಸಾವಿರ ಮೀಟರ್ ಓಟದ ಫೈನಲ್ಲನ್ನು ಸಾಯುವುದರೊಳಗೆ ಒಮ್ಮೆ ಕಣ್ಣಾರೆ ನೋಡಬೇಕು ಅಂತ ಅವನು, ಮದುವೆಯಾಗಿ ಹನ್ನೊಂದು ವರ್ಷಕ್ಕೆ ಇಬ್ಬರೇ ಎಲ್ಲಾದರೂ ಹೋಗಬೇಕು ಅಂತ ಅವಳು. ಬೇಡ ಅನ್ನಬೇಕಾದರೂ ಬಾಯಿ ಬಿಡಬೇಕಲ್ಲ, ಹಾಗಾಗಿ ಹೊರಟಿದ್ದರು.

“ಗುಬ್ಬೀ, ನಿಮ್ಮಪ್ಪನಿಗೆ ಹೇಳು, ಚಿಕ್ಕಮ್ಮನ ಮನೇಲಿ ಹುಷಾರಿಲ್ಲ, ನೀನೂ ಬರ್ತಿದೀಯ. ಬೇಕಿದ್ರೆ ತಿಂಡಿ ತಿನ್ನಲಿ, ಇಲ್ದಿದ್ರೆ ಬಿಡಲಿ.”

ಮಗಳು ಒಂದೂವರೆ ಜಡೆಯಲ್ಲಿ ಒಳಗೆ ಓಡಿದಳು. ಗೋಡೆಯಾಚೆಯಿಂದ ಕೇಳಿಸಿತು: “ಅಪ್ಪಾ, ನಾನೂ ಬರ್ತಿದೀನಿ! ಅಮ್ಮ ತಿಂಡಿಗೆ ಕರೀತಿದಾಳೆ. ಬಿಸಿ ಆರಿಹೋಗುತ್ತಂತೆ.”

ಒಂಬತ್ತು ವರ್ಷದ ಪೋರಿ. ಖಾರದ ಮಾತು ಕೊಟ್ಟರೆ ದಾರಿಯಲ್ಲೇ ಬೆಲ್ಲ ಹಾಕಿ ತಲುಪಿಸುತ್ತಿದ್ದಳು. ತಾಯಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು. ಒಂದು ಮಾತನ್ನು ಮಾತ್ರ ಅವಳ ಕೈಲಿ ಕಳಿಸಿರಲಿಲ್ಲ. ನಮ್ಮನ್ನ ಬಿಟ್ಟು ಹೋಗ್ತೀರಾ? ಅಷ್ಟೇ ಮಾತು. ಒಲೆಯಿಂದ ಇಳಿಸಿದ ಪಾತ್ರೆಯನ್ನು ಯಾರಾದರೂ ಮಗುವಿನ ಕೈಗೆ ಕೊಡುತ್ತಾರೆಯೇ? ತಾನೇ ಕೇಳೋಣವೆಂದರೆ, “ಹೂಂ” ಅಂದುಬಿಟ್ಟರೆ ಅನ್ನುವ ಭಯ.

ಟ್ರೇನಿನಲ್ಲಿ ಮಗಳು ಇಬ್ಬರ ನಡುವೆ ಕೂತಳು. ಅವನು ಆ ಕಡೆ ತಿರುಗಿ ಫೋನು ಒತ್ತುತ್ತಿದ್ದ. ಇವಳು ಈ ಕಡೆ ತಿರುಗಿ ಒತ್ತುತ್ತಿದ್ದಳು. ಮಗುವಿಗೂ ಒಂದು ಟಿಕೆಟ್ ಬೇಕಲ್ಲ, ಅವನಿಗೆಲ್ಲಿ ಹೊಳೆದೀತು ಅಂತ ಇವಳು ಒಂದು ಕೊಂಡಳು. ಕೊಂಡ ಮೇಲೂ ಸಮಾಧಾನವಿಲ್ಲ. ಚೀಲದ ಜಿಪ್ಪು ತೆಗೆದಳು, ಹಾಕಿದಳು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ದಿನಕ್ಕೆ ಎಂಟುನೂರು ಹಾಸಿಗೆ ಬಟ್ಟೆ ಎಣಿಸಿ ಮಡಿಸುವ ಕೈ ಅವಳದು. ಕೆಲಸವಿಲ್ಲದೆ ಕೂರಲು ಬರುತ್ತಿರಲಿಲ್ಲ. ಮಗಳ ಕರ್ಚೀಫನ್ನೇ ನಾಲ್ಕು ಸಲ ಬಿಚ್ಚಿ ಮಡಿಸಿದಳು.

ಸಂಜೆ ಕ್ರೀಡಾಂಗಣದ ಬಾಗಿಲಲ್ಲಿ ಜನವೋ ಜನ. ಮುಖಕ್ಕೆ ಬಣ್ಣ ಬಳಿದುಕೊಂಡವರು, ಬಾವುಟ ಹೊದ್ದವರು. ಟಿಕೆಟ್ ನೋಡುವ ಹೆಂಗಸು ಅವನ ಫೋನು ನೋಡಿದಳು, ಇವಳ ಫೋನು ನೋಡಿದಳು.

“ನಾಲ್ಕಿದೆ. ನಾಲ್ಕನೇವ್ರೆಲ್ಲಿ?”

“ಮೂರೇ ಜನ,” ಅಂದರು ಗಂಡ ಹೆಂಡತಿ ಒಟ್ಟಿಗೆ. ಹತ್ತೊಂಬತ್ತು ದಿನದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಅವನೂ ಮಗಳಿಗೊಂದು ಕೊಂಡಿದ್ದ! ಹಳೆಯ ಎರಡು ಸೀಟು ಪೂರ್ವದ ಬದಿಯಲ್ಲಿ, ಅಕ್ಕಪಕ್ಕ. ಇವತ್ತು ಕೊಂಡ ಒಂಟಿ ಸೀಟುಗಳು ಎರಡೂ ಪಶ್ಚಿಮದ ಬದಿಯಲ್ಲಿ, ಒಂದು ಮೇಲೆ, ಒಂದು ಕೆಳಗೆ.

“ಮಗೂನ ಒಂಟಿಯಾಗಿ ಕೂರಿಸೋ ಹಾಗಿಲ್ಲ,” ಅಂದಳು ಟಿಕೆಟ್ ಹೆಂಗಸು. “ಒಬ್ರು ಮಗು ಜೊತೆ ಇಲ್ಲಿ ಕೂತ್ಕೊಳ್ಳಿ, ಒಬ್ರು ಆ ಕಡೆ ಹೋಗಿ. ಮನೇಲಿ ಮಾತಾಡ್ಕೊಂಡು ತಗೋಬಾರ್ದಾ?”

ಅವನು ಮಗಳ ಕಡೆ ತಿರುಗಿದ.

“ಗುಬ್ಬೀ, ನಾನು ಹೋಗ್ತೀನಿ ಅಂತ ಹೇಳು,” ಅಂದ ಅವನು.

ಆ ‘ಹೋಗ್ತೀನಿ’ ಅನ್ನುವುದು ಅವಳ ಎದೆಗೆ ಸೂಜಿಯ ಹಾಗೆ ಚುಚ್ಚಿತು. “ಬೇಡ, ನಾನೇ ಹೋಗ್ತೀನಿ ಅಂತ ಹೇಳು. ಹೋಗೋದು ಏನು ಅವರೊಬ್ಬರಿಗೇ ಬರುತ್ತಾ?”

ಮಗಳು ಈ ಸಲ ಏನೂ ತಲುಪಿಸಲಿಲ್ಲ. ಬೆಲ್ಲ ಹಾಕುವುದಕ್ಕೆ ಆ ಮಾತಿನಲ್ಲಿ ಜಾಗವೇ ಇರಲಿಲ್ಲ.

ಚೀಲ, ನೀರಿನ ಬಾಟಲಿ, ಮಗಳ ಸ್ವೆಟರು ಎಲ್ಲವನ್ನೂ ಅವನ ಕಾಲ ಬಳಿ ಇಟ್ಟು, ಅವಳು ಬರಿಗೈಯಲ್ಲಿ ಅರ್ಧ ಕ್ರೀಡಾಂಗಣ ಸುತ್ತಿ ಪಶ್ಚಿಮಕ್ಕೆ ಬಂದಳು. ಕೂತಳು. ಎದ್ದಳು. ಹಿಂದಿನವರು “ಕೂತ್ಕೊಳ್ಳಮ್ಮಾ” ಅಂದರು, ಮತ್ತೆ ಕೂತಳು. ಒಂದು ಮೂಲೆಯಲ್ಲಿ ಎತ್ತರ ಜಿಗಿತ, ಇನ್ನೊಂದರಲ್ಲಿ ಗುಂಡೆಸೆತ, ಎತ್ತ ನೋಡಿದರೂ ಚಪ್ಪಾಳೆ. ಅವಳ ಕಣ್ಣು ಮಾತ್ರ ಎದುರು ಬದಿಯ ಸಾವಿರಾರು ಚುಕ್ಕೆಗಳಲ್ಲಿ ಎರಡು ಚುಕ್ಕೆ ಹುಡುಕುತ್ತಿತ್ತು.

ಓಟ ಶುರುವಾಯಿತು. ಇಪ್ಪತ್ತೈದು ಸುತ್ತು. ತೆಳ್ಳಗಿನ ಹುಡುಗಿಯರು ಗುಂಪಾಗಿ ಅವಳ ಮುಂದೆ ಹಾದು ಹೋದರು. ಇನ್ನು ಅರ್ಧ ನಿಮಿಷಕ್ಕೆ ಇವರು ಗುಬ್ಬಿಯ ಮುಂದೆ ಹಾಯುತ್ತಾರೆ ಅಂದುಕೊಂಡಳು. ಮತ್ತೆ ಬಂದರು, ಮತ್ತೆ ಹೋದರು. ಮೂರನೆಯ ಸುತ್ತಿಗೆ ಅವಳು ಓಟ ನೋಡುವುದನ್ನೇ ಬಿಟ್ಟು, ಅವರು ಮಗಳ ಕಡೆಯಿಂದ ಬರುವುದನ್ನೂ ಮಗಳ ಕಡೆಗೆ ಹೋಗುವುದನ್ನೂ ಮಾತ್ರ ನೋಡತೊಡಗಿದಳು.

ಇನ್ನು ಐದಾರು ಸುತ್ತು ಉಳಿದಿದ್ದಾಗ ಫೋನು ಅದುರಿತು.

“ಅಮ್ಮಾ, ಅಪ್ಪ ಕೇಳ್ತಿದಾನೆ, ನಿನ್ನ ಹತ್ರ ನೀರಿದೆಯಾ ಅಂತ.”

ಹಿಂದಿನಿಂದ ಅವನ ದನಿ: “ನಾನೆಲ್ಲಿ ಕೇಳ್ದೆ?” ಆಮೇಲೆ, “ಹೂಂ, ಕೇಳು. ಇದೆಯಂತಾ?”

“ಬಾಟ್ಲಿ ನಿಮ್ಮ ಹತ್ರಾನೇ ಇದೆ ಅಂತ ಹೇಳು.”

“ಬಾಟ್ಲಿ ಇಲ್ಲಿದೆ ಅಪ್ಪ, ಅಮ್ಮಂಗೆ ತುಂಬ ಬಾಯಾರಿಕೆಯಂತೆ.”

“ನಾನೆಲ್ಲಿ ಹಾಗಂದೆ?” ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಅವಳಿಗೆ ನಗು ಬಂತು. ಅದರ ಬೆನ್ನಲ್ಲೇ ಕಣ್ಣು ತುಂಬಿತು. ಎರಡು ವರ್ಷ ಹೀಗೇ ತಾನೇ? ಆ ಕಡೆ ಒಬ್ಬ, ಈ ಕಡೆ ಒಬ್ಬಳು, ನಡುವೆ ಫೋನು ಹಿಡಿದ ಕೂಸು. ಇಲ್ಲಿಯಾದರೆ ಅರ್ಧ ಸುತ್ತಿನ ದೂರ. ಅಲ್ಲಿ?

ಅವಳಿಗೆ ಕೂರಲಾಗಲಿಲ್ಲ. ಕಾಲು ಸುಟ್ಟ ಬೆಕ್ಕಿನಂತೆ ಎದ್ದು, ಸಾಲಿನವರ ಮಂಡಿ ತುಳಿದು, ಬೈಸಿಕೊಂಡು, ಮೆಟ್ಟಿಲಿಳಿದು, ಆಸನಗಳ ಕೆಳಗಿನ ಸುತ್ತು ಮೊಗಸಾಲೆಗೆ ಬಂದಳು. ಈಗಲೇ ಕೇಳಿಬಿಡಬೇಕು. ರೀ, ಹೋಗ್ತೀರಾ? ಬೇಡ, ಅದು ಬಸ್ ಸ್ಟ್ಯಾಂಡಿನ ಮಾತಾಯಿತು. ರೀ, ನನ್ನ ಯಾಕೆ ಕೇಳಲಿಲ್ಲ? ಅದೂ ಬೇಡ, ಅಲ್ಲಿಂದ ಜಗಳವೇ. ತುಟಿ ಅಲ್ಲಾಡಿಸುತ್ತಾ ಹೋಗುವ ಹೆಂಗಸನ್ನು ತಿಂಡಿ ಮಾರುವವನು ಒಂದು ಗಳಿಗೆ ನಿಂತು ನೋಡಿದ. ತಲೆಯ ಮೇಲೆ ಐವತ್ತು ಸಾವಿರ ಜನರ ಕಾಲು ಕಾಂಕ್ರೀಟಿನ ಮೇಲೆ ದಬದಬ ಬಡಿಯುತ್ತಿತ್ತು. ಗಂಟೆ ಬಾರಿಸಿತು. ಕೊನೆಯ ಸುತ್ತು. ಅವಳು ಓಡಿದಳು.

ಪೂರ್ವದ ಬಾಗಿಲಿಗೆ ಬಂದಾಗ ಕಾವಲಿನವನು ಅಡ್ಡ ಕೈ ಹಾಕಿದ. “ನಿಮ್ಮದು ಆ ಕಡೆ ಟಿಕೆಟ್ಟಮ್ಮ.”

“ಒಳಗೆ ನನ್ನ ಗಂಡ, ಮಗು ಇದಾರೆ.”

“ಎಲ್ಲರ ಗಂಡಂದಿರೂ ಒಳಗೇ ಇದಾರೆ.”

ಒಳಗೆ ಒಮ್ಮೆಲೇ ಹೋ ಎಂಬ ಕೂಗು ಎದ್ದಿತು. ಓಟ ಮುಗಿದಿತ್ತು. ಫೋನು ಹೊಡೆದುಕೊಂಡಿತು.

“ಅಮ್ಮಾ, ಎಲ್ಲಿದೀಯ? ನಾವು ನಿನ್ನ ಗೇಟಿನ ಹತ್ರ ಬಂದಿದೀವಿ, ಒಳಗೆ ಬಿಡ್ತಿಲ್ಲ.”

“ನನ್ನ ಗೇಟಿಗೆ ಯಾಕೆ ಬಂದ್ರಿ?”

“ನಿಂಗೆ ನೀರು ಕೊಡಕ್ಕೆ.”

“ನಾನು ನಿಮ್ಮ ಗೇಟಿನ ಹತ್ರ ಇದೀನಿ ಕಣೇ!”

ಹಿಂದಿನಿಂದ ಅವನ ದನಿ: “ಅಯ್ಯೋ, ಫೈನಲ್ ಹೋಯ್ತಲ್ಲ…” ಸಾಯುವುದರೊಳಗೆ ಒಮ್ಮೆ ನೋಡಬೇಕು ಅಂತಿದ್ದ ಓಟವನ್ನು ಒಂದು ಬಾಟಲಿ ನೀರು ಹಿಡಿದುಕೊಂಡು ಕಳೆದುಕೊಂಡಿದ್ದ ಮಹಾನುಭಾವ.

“ನೀನು ಹೊರಡು, ನಾವೂ ಹೊರಡ್ತೀವಿ,” ಅಂದಳು ಮಗಳು. ತಕ್ಷಣ ಎಚ್ಚರವಾಗಿ, “ಬೇಡ ಬೇಡ! ಮತ್ತೆ ತಪ್ಪಿಸ್ಕೊಳ್ತೀರಾ. ಅಮ್ಮ, ನೀನು ಗೇಟಿಗೆ ಮುಖ ಮಾಡಿ ಎಡಕ್ಕೆ ತಿರುಗಿ ಬಾ. ನಾವು ಬಲಕ್ಕೆ ತಿರುಗಿ ಬರ್ತೀವಿ.”

ಮೊಗಸಾಲೆಯ ತಿರುವಿನಲ್ಲಿ, ಕೈ ತೊಳೆಯುವ ನಲ್ಲಿಗಳ ಸಾಲಿನ ಮುಂದೆ ಸಿಕ್ಕರು. ಅವನು ಚೀಲವನ್ನು ಹೆಗಲಿಗೂ ಸ್ವೆಟರನ್ನು ಕತ್ತಿಗೂ ಹಾಕಿಕೊಂಡು ಏದುಸಿರು ಬಿಡುತ್ತಿದ್ದ. ಮಗಳು ಓಡಿಬಂದು ತಾಯಿಯ ಕೈ ಹಿಡಿದಳು. ಬಾಟಲಿಯನ್ನು ನೇರ ಅವಳಿಗೇ ಕೊಡಲು ಕೈ ಮುಂದೆ ಮಾಡಿದವನು, ಅಭ್ಯಾಸಬಲದಿಂದ ಮಗಳ ಕಡೆ ತಿರುಗಿಸಿದ.

“ಗುಬ್ಬೀ, ಅಮ್ಮನಿಗೆ ಕೊಡು. ಗೆದ್ದೋರು ಯಾರು ಅಂತ ಗೊತ್ತಾಯ್ತಾ, ಕೇಳು.”

ಮಗಳು ಬಾಟಲಿ ಮುಟ್ಟಲಿಲ್ಲ.

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನು ಆಡಲೆಂದು ತಾಯಿ ಬಾಯಿ ತೆರೆದಳು. ಬಂದಿದ್ದು ಅದೇ ಹಳೆಯದು: “ಗೊತ್ತಿಲ್ಲ ಅಂತ ಹೇಳು ಗುಬ್ಬಿ, ನಾನು ನೋಡಲಿಲ್ಲ ಅಂತ…”

“ನಾನು ಹೇಳಲ್ಲ,” ಅಂದಳು ಮಗಳು.

ಇಬ್ಬರೂ ಅವಳನ್ನು ನೋಡಿದರು. ಅವಳು ತಾಯಿಯ ಕೈ ಬಿಡಿಸಿಕೊಂಡು, ಎರಡು ಹೆಜ್ಜೆ ಇಟ್ಟು ಅಪ್ಪನ ಮುಂದೆ ನಿಂತು, ಕತ್ತೆತ್ತಿದಳು. ಇಷ್ಟು ದಿನ ಆ ಮಾತು ತನ್ನೊಬ್ಬಳ ಎದೆಯಲ್ಲೇ ಅಡಗಿದೆ ಅಂದುಕೊಂಡಿದ್ದ ತಾಯಿಗೆ ಅದು ಎಲ್ಲಿ ಬೆಳೆಯುತ್ತಿತ್ತು ಅನ್ನುವುದು ಆಗ ತಿಳಿಯಿತು.

“ಇದು ಅಮ್ಮ ಹೇಳಿ ಕಳಿಸಿದ್ದಲ್ಲ, ನಾನೇ ಕೇಳ್ತಿರೋದು. ಅಪ್ಪಾ, ನೀನು ನಮ್ಮನ್ನ ಬಿಟ್ಟು ಹೋಗ್ತೀಯಾ?”