ಹನ್ನೆರಡು ಟೀಚರು, ಒಬ್ಬ ಮೇಷ್ಟ್ರು

"ಈ ಸೋಫಾ ಹೊರಗೆ ಹಾಕ್ಬೇಕು ಕಣ್ರೇ, ಯಾರಾದ್ರೂ ಮೇಷ್ಟ್ರನ್ನ ಕರೀರಿ," ಎಂದುಬಿಟ್ಟು ಮೂರನೇ ಕ್ಲಾಸಿನ ಟೀಚರ್ ನಾಲಿಗೆ ಕಚ್ಚಿಕೊಂಡರು.

ಮೇಷ್ಟ್ರು ಅದೇ ಕೋಣೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ, ಸೊಂಟದವರೆಗೆ ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ನಿನ್ನೆ ಸಂಜೆ ಗಿಡಕ್ಕೆ ನೀರು ಹಾಕುತ್ತಿದ್ದವರು ಅಲ್ಲೇ ಕುಸಿದರಂತೆ, ಮತ್ತೆ ಏಳಲಿಲ್ಲವಂತೆ. ಮೂವತ್ತೆರಡು ವರ್ಷ ಶಾಲೆಯಲ್ಲಿ ಬೀರು ಜರುಗಿಸಲು, ಬಲ್ಬು ಹಾಕಲು, ಹಲ್ಲಿ ಓಡಿಸಲು ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು, ಮೇಷ್ಟ್ರನ್ನ ಕರೀರಿ. ಅಭ್ಯಾಸ ಅಷ್ಟು ಸುಲಭಕ್ಕೆ ಸಾಯುತ್ತದೆಯೇ?

"ಎದ್ದು ಬಂದ್ಬಿಟ್ಟಾರು, ಸುಮ್ನಿರಿ," ಎಂದರು ಎರಡನೇ ಕ್ಲಾಸಿನವರು. ಇಬ್ಬರಿಗೂ ನಗು ಬಂತು, ಆ ನಗುವಿನಲ್ಲೇ ಅಳುವೂ ಬಂತು. ಆಮೇಲೆ ನಾಲ್ವರು ಟೀಚರುಗಳು ಸೇರಿ ಸೋಫಾವನ್ನು ತಾವೇ ಎತ್ತಿ ಹೊರಗೆ ಹಾಕಿದರು.

ದೊಡ್ಡ ಟೀಚರ್ ಮಾತ್ರ ನಗಲಿಲ್ಲ. ಅವರು ಹಿಂದೆ ಇದೇ ಶಾಲೆಯ ಹೆಡ್ ಆಗಿದ್ದವರು. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಹೆಸರು ಹಾಗೇ ಉಳಿದಿತ್ತು. ಗೋಡೆಗೆ ಒರಗಿ ಕುಳಿತು ಗಡಿಯಾರ ನೋಡುತ್ತಿದ್ದರು. ಹನ್ನೊಂದಕ್ಕೆ ಮೇಷ್ಟ್ರನ್ನು ಒಯ್ಯಲು ವ್ಯಾನು ಬರುತ್ತದೆ. ಅಷ್ಟರೊಳಗೆ ಮೇಷ್ಟ್ರ ಹೆಂಡತಿಗೆ ಒಂದು ಮಾತು ಹೇಳಬೇಕಿತ್ತು. ಹೇಳದೆ ಮನೆಗೆ ಹೋದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

* * *

ಮೂವತ್ತೆರಡು ವರ್ಷದ ಹಿಂದೆ ಶಾಲೆಯಲ್ಲಿ ಹನ್ನೆರಡು ಜನ ಹೆಂಗಸರು. ಹದಿಮೂರನೆಯವರಾಗಿ ಬಂದವರು ಮೇಷ್ಟ್ರು. ಗಂಡಸರು ಬರುತ್ತಲೇ ಇರಲಿಲ್ಲ ಎಂದಲ್ಲ. ಬಂದವರು ಎರಡೇ ವರ್ಷಕ್ಕೆ ಹೈಸ್ಕೂಲಿಗೋ ಆಫೀಸಿಗೋ ಹೊರಟುಬಿಡುತ್ತಿದ್ದರು. ಪುಟ್ಟ ಮಕ್ಕಳ ಮೂಗು ಒರೆಸುವುದು ಹೆಂಗಸರ ಪಾಲಿನದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು, ಹೆಂಗಸರೂ ಸೇರಿ. ಈ ಮನುಷ್ಯ ಮಾತ್ರ ಒಂದನೇ ಕ್ಲಾಸೇ ಕೊಡಿ ಎಂದು ಕೇಳಿ ಪಡೆದರು. ಕೇಳಿದ್ದೇ ತಪ್ಪಾಯಿತು.

ಮೊದಲ ವಾರವೇ ಒಬ್ಬ ತಾಯಿ ಹೆಡ್ ಕೋಣೆಗೆ ಬಂದಳು. "ಗಂಡಸು ಒಂದನೇ ಕ್ಲಾಸಿಗಾ ಮೇಡಂ? ನಮ್ಮದು ಹೆಣ್ಣುಮಗು."

ಮಧ್ಯಾಹ್ನ ದೊಡ್ಡ ಟೀಚರ್ ಮೇಷ್ಟ್ರನ್ನು ಕರೆಸಿದರು.

"ನಿಮ್ಮ ಮೇಲೆ ನಂಗೇನೂ ಅನುಮಾನ ಇಲ್ಲ. ಆದ್ರೆ ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗಲ್ಲ. ಕ್ಲಾಸಿನ ಬಾಗಿಲು ಯಾವಾಗ್ಲೂ ತೆಗೆದೇ ಇರ್ಲಿ. ಮಕ್ಕಳನ್ನ ಎತ್ಕೋಬೇಡಿ, ಮುಟ್ಟಬೇಡಿ. ಅತ್ರೆ, ಒದ್ದೆ ಮಾಡ್ಕೊಂಡ್ರೆ, ಪಕ್ಕದ ಕ್ಲಾಸಿನ ಟೀಚರನ್ನ ಕೂಗಿ."

"ಆಗ್ಲಿ ಮೇಡಂ."

"ಸ್ವಲ್ಪ ದಿನದ ಮಟ್ಟಿಗೆ ಅಷ್ಟೇ. ಆಮೇಲೆ ನಾನೇ ಹೇಳ್ತೀನಿ."

ಆ 'ಆಮೇಲೆ' ಬರಲೇ ಇಲ್ಲ. ಚಳಿಗಾಲದಲ್ಲೂ ಬಾಗಿಲು ತೆರೆದೇ ಇರುತ್ತಿತ್ತು. ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ಪಾಠ ಮಾಡುತ್ತಿದ್ದರು. ಒಮ್ಮೆ ದೊಡ್ಡ ಟೀಚರ್ ಜಗಲಿಯಲ್ಲಿ ಬರುವಾಗ ಒಂದು ಹುಡುಗಿ ಅಂಗಳದಲ್ಲಿ ಬಿದ್ದು, ಮಂಡಿ ತರಚಿಕೊಂಡು, ಮೇಷ್ಟ್ರ ಕಡೆಗೇ ಎರಡೂ ಕೈ ಚಾಚಿ ಅಳುತ್ತಿದ್ದಳು. ಮೇಷ್ಟ್ರು ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತಿದ್ದರು, ತಮ್ಮ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು. "ಬಂದ್ರು ಪುಟ್ಟ, ಟೀಚರ್ ಬಂದ್ರು, ಇಗೋ ಬಂದೇಬಿಟ್ರು," ಎನ್ನುತ್ತಿದ್ದರು.

ಅವತ್ತೇ ಹೇಳಬಹುದಿತ್ತು. ಅಷ್ಟು ಹೊತ್ತಿಗೆ ಊರಿನ ಅನುಮಾನವೆಲ್ಲ ಕರಗಿ, ಮೇಷ್ಟ್ರ ಕ್ಲಾಸಿಗೇ ಹಾಕಿ ಎಂದು ತಾಯಂದಿರು ದುಂಬಾಲು ಬೀಳುತ್ತಿದ್ದರು. ಆದರೂ ದೊಡ್ಡ ಟೀಚರ್ ಹೇಳಲಿಲ್ಲ. ದೂರು ಬಾರದ ಏರ್ಪಾಡನ್ನು ಕೆದಕುವುದು ಯಾಕೆ ಎಂದುಕೊಂಡರು. ನಿಜ ಹೇಳಬೇಕೆಂದರೆ, ಅದು ಹೇಡಿತನ.

* * *

ಮೇಷ್ಟ್ರ ಹೆಂಡತಿ ಬಂದು ಪಕ್ಕದಲ್ಲಿ ಕುಳಿತರು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಕಾಫಿ ಕುಡಿದ್ರಾ ದೊಡ್ಡ ಟೀಚರ್?"

"ನನ್ನ ಚಿಂತೆ ಬಿಡಮ್ಮ."

ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಐದು ವರ್ಷದ ಮೊಮ್ಮಗಳು ನಿಂತಿದ್ದಳು. ಯಾರು ಕರೆದರೂ ಹತ್ತಿರ ಹೋಗುತ್ತಿರಲಿಲ್ಲ.

"ಹೆದರಿಕೆ ಅಲ್ಲ ಅವಳಿಗೆ," ಎಂದರು ಹೆಂಡತಿ. "ತಾತನ ಮೈಮೇಲೆ ಹತ್ತಿ ಗೊತ್ತೇ ಇಲ್ಲ ಅದಕ್ಕೆ. ಕಥೆ ಹೇಳ್ತಿದ್ರು, ಕುಣೀತಿದ್ರು, ಕಪ್ಪೆ ಥರ ಕೂಗ್ತಿದ್ರು. ಎತ್ಕೊಳ್ಳಿ ಅಂದ್ರೆ ಮಾತ್ರ ಕೈ ಹಿಂದಕ್ಕೆ ಹೋಗೋದು. ಮಗಳು ಹುಟ್ಟಿದಾಗ್ಲೂ ಹಾಗೇ. ಇದೆಂಥಾ ಸ್ವಭಾವ ರೀ ನಿಮ್ಮದು, ಕಲ್ಲಾ ನೀವು ಅಂತ ಎಷ್ಟು ಬೈದಿದೀನಿ ಗೊತ್ತಾ? ನಕ್ಕು ಸುಮ್ಮನಾಗೋರು."

ದೊಡ್ಡ ಟೀಚರ್ ಮೊಮ್ಮಗಳ ಕಡೆ ತಿರುಗಿದರು. ಶಾಲೆಯ ನಿಯಮ ಶಾಲೆಯಲ್ಲೇ ಉಳಿದಿದೆ ಎಂದುಕೊಂಡಿದ್ದರು. ಅದು ಮನೆಯವರೆಗೂ ಬಂದಿತ್ತು.

"ಅದು ಅವರ ಸ್ವಭಾವ ಅಲ್ಲಮ್ಮ," ಎಂದರು. "ನಾನು ಹಾಕಿದ ಕಟ್ಟು."

ಎಲ್ಲವನ್ನೂ ಹೇಳಿದರು. ಆ ತಾಯಿ ಬಂದದ್ದು, ತಾವು ಆಡಿದ ಮಾತು, ಹಿಂದಕ್ಕೆ ತೆಗೆದುಕೊಳ್ಳದೇ ಬಿಟ್ಟದ್ದು. ಕೋಣೆಯಲ್ಲಿದ್ದ ಟೀಚರುಗಳ ಪಿಸುಮಾತು ನಿಂತಿತು.

ಹೆಂಡತಿ ಗಂಡನ ಮುಖ ನೋಡಿದರು.

"ನಂಗೂ ಹೇಳಲಿಲ್ಲ ನೋಡಿ," ಎಂದರು. "ನಿಮ್ಮನ್ನ ಬಿಟ್ಟುಕೊಡಬಾರ್ದು ಅಂತಿರಬೇಕು. ನಾನು ಮೂವತ್ತು ವರ್ಷ ಕಲ್ಲು ಕಲ್ಲು ಅಂದೆ." ಅವರ ದನಿ ಗಟ್ಟಿಯಾಯಿತು. "ಎರಡು ಮಾತು, ದೊಡ್ಡ ಟೀಚರ್. ಎರಡೇ ಮಾತು ಸಾಕಿತ್ತು."

"ಹೌದು. ಕ್ಷಮಿಸು ತಾಯಿ."

"ನಂಗಲ್ಲ. ಅವರಿಗೆ ಹೇಳಿ."

ದೊಡ್ಡ ಟೀಚರ್ ಗೋಡೆ ಹಿಡಿದು ಎದ್ದರು. ಮಂಚದ ಹತ್ತಿರ ಹೋಗಿ ನಿಂತರು. ದನಿ ಹೆಡ್ ಕೋಣೆಯ ಹಳೇ ದನಿಯಾಗಿಯೇ ಬಂತು.

"ಮೇಷ್ಟ್ರೇ, ಅವತ್ತು ಹೇಳಿದ್ದು ಇನ್ನು ಬೇಕಾಗಿಲ್ಲ. ನಾನೇ ಬಂದು ಹೇಳ್ಬೇಕಿತ್ತು. ತಡವಾಯ್ತು."

ಹೊರಗೆ ವ್ಯಾನು ಬಂದು ನಿಂತಿತು. ಯಾರೂ ಅಲುಗಲಿಲ್ಲ.

ಮೊಮ್ಮಗಳು ಅಜ್ಜಿಯ ಮುಖ ನೋಡಿದಳು. "ಹೋಗ್ಲಾ?"

"ಹೋಗು ಕಂದ."

ಅವಳು ಹೋಗಿ ಮಂಚದ ಅಂಚು ಹತ್ತಿದಳು. ತಾತನ ಪಕ್ಕದಲ್ಲಿ ಮಂಡಿಯೂರಿ ಸ್ವಲ್ಪ ಹೊತ್ತು ನೋಡಿದಳು. ಗಡಿಬಿಡಿಯಲ್ಲಿ ತೊಡಿಸಿದ ಶರ್ಟಿನ ಕುತ್ತಿಗೆಯ ಗುಂಡಿ ಹಾಕದೇ ಉಳಿದಿತ್ತು. ನಾಲಿಗೆಯ ತುದಿ ಹೊರಚಾಚಿ, ಎರಡೂ ಕೈಗಳಿಂದ ಅದನ್ನು ಹಾಕತೊಡಗಿದಳು. ಮೊದಲ ಸಲ ಜಾರಿತು. ಎರಡನೆಯ ಸಲವೂ ಜಾರಿತು. ಕೋಣೆಯ ತುಂಬ ಟೀಚರುಗಳಿದ್ದರು. ಒಬ್ಬರೂ ಕೈ ಹಾಕಲಿಲ್ಲ.