ಅಳಿಯನಿಗೆ ಹೊಲಿದ ಗವಸು

ಆ ದರ್ಜಿ ಅಂಗಡಿಯಲ್ಲಿ ಅಳತೆ ಪುಸ್ತಕ ಹುಡುಕುವುದೆಂದರೆ ದಿನಾ ಒಂದು ಯುದ್ಧ. ಅರವತ್ತು ಪುಸ್ತಕ. ಹತ್ತಕ್ಕೆ ರಟ್ಟಿಲ್ಲ, ಹತ್ತಕ್ಕೆ ಮೊದಲ ಪುಟವಿಲ್ಲ. ಉಳಿದವುಗಳ ಮೇಲೆ ಚೆಲ್ಲಿದ ಟೀ ಎಷ್ಟೆಂದರೆ, ಹಿಂಡಿದರೆ ಇಡೀ ಬೀದಿಗೆ ಒಂದೊಂದು ಲೋಟ ಕೊಡಬಹುದಿತ್ತು. ಒಮ್ಮೆ ಬರೆದದ್ದು ಮೂವತ್ತಮೂರೋ ಮೂವತ್ತೆಂಟೋ ತಿಳಿಯದೆ ಕತ್ತರಿಸಿ, ಕಡ್ಡಿಯಂಥ ನರ್ಸಮ್ಮನ ಅಂಗಿಯೊಳಗೆ ಇಡೀ ವಾರ್ಡೇ ಹೋಗಿ ನಿಲ್ಲುವಂತಾಯಿತು.

ಆಸ್ಪತ್ರೆಯೇ ಆ ಅಂಗಡಿಯ ಬೆನ್ನೆಲುಬು. ನಾನೂರ ಹನ್ನೆರಡು ಜನರ ಸಮವಸ್ತ್ರ, ವರ್ಷಕ್ಕೆರಡು ಜೊತೆ. ಹಿಂದಿನ ಕೋಣೆಯಲ್ಲಿ ಆರು ಹೊಲಿಗೆ ಮಿಷಿನ್, ಆರು ಹೆಂಗಸರು. ಆರೂ ಮನೆಯ ಒಲೆ ಉರಿಯುತ್ತಿದ್ದುದು ಆ ಒಂದು ಆರ್ಡರಿನಿಂದ.

ಯಜಮಾನನಿಗೆ ಜನ ಇಟ್ಟ ಹೆಸರು ಇಂಚು ಮಾಸ್ತರ. ಕೊರಳಿನ ಟೇಪು ಕೊರಳಿನ ಜೊತೆಯೇ ಹುಟ್ಟಿತ್ತೇನೋ ಎಂಬಂತೆ ಓಡಾಡುತ್ತಿದ್ದ ಮನುಷ್ಯ. ಅವನ ಹೆಂಡತಿ ಇಪ್ಪತ್ತೆರಡು ವರ್ಷದಿಂದ ಕಾಜಾ ಹಾಕುತ್ತಿದ್ದಳು. ಗುಂಡಿ ತೂರುವ ತೂತಿನ ಸುತ್ತ ದಾರ ಕಟ್ಟುವ ಕೆಲಸ. ಅವಳು ಹಾಕಿದ ಕಾಜಾಗಳನ್ನು ಸಾಲಾಗಿ ಇಟ್ಟರೆ ಚಂದ್ರಲೋಕಕ್ಕೆ ಹೋಗಿ ಬರಬಹುದಿತ್ತು. ಆದರೆ ಟೇಪು ಮಾತ್ರ ಒಂದು ದಿನವೂ ಅವಳ ಕೈಗೆ ಬಂದಿರಲಿಲ್ಲ.

"ಅಳತೆ ಅಂದ್ರೆ ಹುಡುಗಾಟ ಅಲ್ಲ ಕಣೇ. ನೀನು ಕಾಜಾ ನೋಡ್ಕೋ," ಎನ್ನುತ್ತಿದ್ದ. ಅವಳು ಕಾಜಾ ನೋಡಿಕೊಳ್ಳುತ್ತಿದ್ದಳು.

ಕೊನೆಗೆ ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸುವುದೆಂದಾಯಿತು. ಹೆಸರು ಒತ್ತಿದರೆ ಅಳತೆ ಬರಬೇಕು, ಮುಂದಿನ ಕೌಂಟರಿನಲ್ಲೂ ಬರಬೇಕು, ಕತ್ತರಿಸುವ ಕೋಣೆಯಲ್ಲೂ ಬರಬೇಕು. ಸಾಫ್ಟ್‌ವೇರ್ ಮಾರುವವನು ಒಂದು ಪ್ರಶ್ನೆ ಕೇಳಿ ಹೋದ: "ಸರ್ವರ್ ಎಲ್ಲಿಡ್ತೀರಿ?" ಸರ್ವರ್ ಎಂದರೆ ಎಲ್ಲ ಅಳತೆಯನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಬೇರೆ ಕಂಪ್ಯೂಟರುಗಳು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರ.

ಮಾಸ್ತರನ ತಂಗಿಗೆ ಒಂದು ಕಾಲೇಜಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸ. ರಜೆಯ ದಿನ ಬಂದು ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಳು.

"ಅಣ್ಣ, ಎರಡು ದಾರಿ ಇದೆ. ಒಂದು, ಸರ್ವರ್ ಪೆಟ್ಟಿಗೇನೇ ಕೊಂಡು ಅಂಗಡೀಲಿ ಇಟ್ಕೊಳ್ಳೋದು. ಇನ್ನೊಂದು, ವರ್ಚುಯಲ್ ಸರ್ವರ್ ಬಾಡಿಗೆಗೆ ತಗೊಳ್ಳೋದು."

"ವರ್ಚುಯಲ್ ಅಂದ್ರೆ ಇಲ್ಲದೇ ಇರೋದು ತಾನೇ?"

"ಇದೆ ಅಣ್ಣ, ನಿನ್ನ ಕಣ್ಣ ಮುಂದೆ ಇಲ್ಲ ಅಷ್ಟೆ. ದೊಡ್ಡ ಅಗಲದ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಹತ್ತು ಅಂಗಿ ತೆಗೀತೀಯಲ್ಲ? ಹಾಗೇನೇ. ದೂರದಲ್ಲಿ ದೊಡ್ಡ ಯಂತ್ರ ಇರುತ್ತೆ, ಅದರಲ್ಲಿ ಗೆರೆ ಹಾಕಿ ಒಬ್ಬೊಬ್ಬರಿಗೆ ಒಂದೊಂದು ಪಾಲು ಕೊಡ್ತಾರೆ. ನಿನ್ನ ಪಾಲಿಗೆ ನಿಂದೇ ಬೀಗ. ವ್ಯಾಪಾರ ಬೆಳೀತೋ, ಇನ್ನಷ್ಟು ಬಟ್ಟೆ ಕೇಳ್ತೀಯ. ಇಳೀತೋ, ಬಿಟ್ಟು ಕೊಡ್ತೀಯ. ಪೆಟ್ಟಿಗೆ ಹಾಗಲ್ಲ, ಹೊಲಿದಿಟ್ಟ ಕೋಟು ಅದು. ಮೈ ಬಂದ್ರೆ ಬಿಚ್ಚಿ ಹೊಲೀಬೇಕು."

"ನನ್ನ ಗಿರಾಕಿ ಸೊಂಟದ ಅಳತೆ ಊರವರ ಮನೇಲಿ ಇಡೋದಾ? ನಾಳೆ ಇಂಟರ್ನೆಟ್ ಹೋದ್ರೆ ಬಾಯಿ ಬಾಯಿ ಬಡ್ಕೊಳ್ಳೋದಾ?"

"ಅದು ಸರಿಯಾದ ಪ್ರಶ್ನೆ," ಎಂದಳು ತಂಗಿ. "ಇಲ್ಲಿ ಇಂಟರ್ನೆಟ್ ಸದಾ ಹೋಗ್ತಿದ್ದಿದ್ರೆ, ಪೆಟ್ಟಿಗೆ ನೋಡ್ಕೊಳ್ಳೋಕೆ ಒಬ್ಬ ಗೊತ್ತಿರೋನು ಇದ್ದಿದ್ರೆ, ನಾನೇ ಪೆಟ್ಟಿಗೆ ತಗೋ ಅಂತಿದ್ದೆ. ಆದ್ರೆ ಇಲ್ಲಿ ಹೋಗೋದು ಕರೆಂಟು, ಇಂಟರ್ನೆಟ್ ಅಲ್ಲ. ಅದೂ ಹೋದ್ರೆ ಮೊಬೈಲಿಂದ ತಗೋ. ಬೆಳಿಗ್ಗೆನೇ ಆ ದಿನದ ಅಳತೆ ಚೀಟಿ ಮುದ್ರಿಸಿ ಇಟ್ಕೋ. ಈಗ ಹೇಳು, ಈ ಕೋಣೆ ನೋಡು. ಈ ಕಡೆ ಇಸ್ತ್ರಿ ಬಿಸಿ, ಆ ಕಡೆ ಬಟ್ಟೆ ಧೂಳು. ಪೆಟ್ಟಿಗೆ ಕೆಟ್ರೆ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

"ನೀನು ನೋಡಿದ್ರೆ ಅದು ರಿಪೇರಿ ಆಗಲ್ಲ ಅಣ್ಣ, ನಾಚ್ಕೊಳ್ಳುತ್ತೆ ಅಷ್ಟೆ."

ಹಿಂದಿನ ಕೋಣೆಯಿಂದ ಆರೂ ಹೆಂಗಸರ ನಗು ಕೇಳಿತು. ಅಲ್ಲಿಗೆ ಕಥೆ ಮುಗಿಯಿತು. ನಕ್ಕ ಮೇಲೆ ಮಾಸ್ತರ ಬಗ್ಗುವವನೇ? ಮುಂದಿನ ವಾರ ಪೆಟ್ಟಿಗೆಯೇ ಬಂತು. ಅಳತೆಗಳನ್ನೆಲ್ಲ ಅದಕ್ಕೆ ತುಂಬಿಸಿದ ಮೇಲೆ ಅರವತ್ತು ಪುಸ್ತಕವೂ ಗುಜರಿಗೆ ಹೋದವು.

ಕತ್ತರಿಸುವ ಕೋಣೆಯ ಒಳ್ಳೆಯ ಮೂಲೆ ಪೆಟ್ಟಿಗೆಗೆ. ಅದರ ಹತ್ತಿರ ಯಾರೂ ಕೆಮ್ಮುವಂತಿಲ್ಲ, ಸೀನುವಂತಿಲ್ಲ. ಮಾಸ್ತರ ದಿನಾ ಅದರ ತಲೆ ಸವರುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿಯ ತಲೆ ಸವರಿದ್ದು ಅವಳಿಗೆ ನೆನಪಿರಲಿಲ್ಲ. ಹೆಂಗಸರು ಅದಕ್ಕೆ ಅಳಿಯ ಎಂದು ಹೆಸರಿಟ್ಟರು.

"ಅಕ್ಕ, ಅಳಿಯಂದಿರು ಎದ್ರಾ?" ಎಂದು ಹಿರಿಯ ಹೊಲಿಗೆಯವಳು ಬೆಳಿಗ್ಗೆ ಕೇಳುತ್ತಿದ್ದಳು.

"ಎದ್ದು ಗೊರಕೆ ಹೊಡೀತಿದಾರೆ ಕಣೇ," ಎನ್ನುತ್ತಿದ್ದಳು ಮಾಸ್ತರನ ಹೆಂಡತಿ. ಅದರ ಫ್ಯಾನಿನ ಸದ್ದು ಹಾಗಿತ್ತು.

ಅಳತೆಗಳ ಇನ್ನೊಂದು ಪ್ರತಿ ಇಡಲು ತಂಗಿ ಒಂದು ಪುಟ್ಟ ಡಿಸ್ಕ್ ತಂದುಕೊಟ್ಟು, "ಇದು ಅಂಗಡೀಲಿ ಇರಬಾರದು, ಮನೇಲಿರಲಿ," ಎಂದು ಬೆರಳೆತ್ತಿ ಹೇಳಿ ಹೋದಳು. ಮಾಸ್ತರ ಅದನ್ನು ಪೆಟ್ಟಿಗೆಯ ನೆತ್ತಿಯ ಮೇಲೇ ಕೂರಿಸಿದ. ಯಾರು ದಿನಾ ಹೊತ್ತು ತಿರುಗುತ್ತಾರೆ?

ಬೇಸಿಗೆ ಬಂತು. ಪೆಟ್ಟಿಗೆಯ ಮೇಲೆ ಬಟ್ಟೆಯ ಜುಂಗು ಬೂದಿಯ ಹಾಗೆ ಕೂರತೊಡಗಿತು. ಮಾಸ್ತರ ಕತ್ತರಿಯಿಂದ ಕಣ್ಣೆತ್ತದೆ ಹೇಳಿದ: "ಏ, ಇದಕ್ಕೊಂದು ಗವಸು ಹೊಲಿ. ಅಳತೆ ನೀನೇ ತಗೋ, ನಂಗೆ ಪುರುಸೊತ್ತಿಲ್ಲ."

ಕೊರಳಿನಿಂದ ಟೇಪು ತೆಗೆದು ಚಾಚಿದ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಟೇಪು ತೆಗೆದುಕೊಂಡಳು. ಉದ್ದ ಅಳೆದಳು, ಅಗಲ ಅಳೆದಳು, ಮತ್ತೆ ಅಳೆದಳು. ಆಸ್ಪತ್ರೆಯ ಬಟ್ಟೆಯಲ್ಲಿ ಉಳಿದ ದಪ್ಪ ತುಂಡು, ಒಳಗೆ ಹತ್ತಿಯ ಅಸ್ತರಿ, ಅಂಚಿಗೆ ನೀಲಿ ಪಟ್ಟಿ. ವೈರುಗಳು ಹೊರಬರಲು ನಾಲ್ಕು ಕಡೆ ತೂತು ಮಾಡಿ ಕಾಜಾ ಹಾಕಿದಳು. ಹಿಂದೆ ಜಾಲರಿಯಿಂದ ಬಿಸಿ ಗಾಳಿ ಬರುತ್ತಿತ್ತು. ಧೂಳು ಒಳಗೆ ಹೋಗುವುದು ಅಲ್ಲಿಂದಲೇ ಎಂದು ಅಲ್ಲಿ ಎರಡು ಪದರ ಕೊಟ್ಟಳು. ಪುಟ್ಟ ಡಿಸ್ಕ್‌ಗೂ ಒಳಗೇ ಒಂದು ಜೇಬು.

ತೊಡಿಸಿದರೆ ಮದುಮಗನ ಹಾಗೆ ಕಂಡಿತು. ಮಾಸ್ತರ ಸುತ್ತ ಬಂದು ನೋಡಿದ. "ಅರ್ಧ ಇಂಚೂ ಆಚೀಚೆ ಇಲ್ಲ," ಎಂದ. ಇಪ್ಪತ್ತೆರಡು ವರ್ಷಕ್ಕೆ ಅವನು ಅವಳನ್ನು ಹೊಗಳಿದ್ದು ಅದೊಂದೇ ಸಲ. ಅವಳು ಊಟ ಮಾಡುವುದನ್ನೂ ಮರೆತಳು.

ಐದನೆಯ ದಿನ ಪೆಟ್ಟಿಗೆ ತಾನಾಗಿ ಆರಿತು. ಮಾಸ್ತರ ಗುಂಡಿ ಒತ್ತಿ ಎಬ್ಬಿಸಿದ. ಆರನೆಯ ದಿನ ಮೂರು ಸಲ ಆರಿತು, ಮೂರು ಸಲ ಎಬ್ಬಿಸಿದ. ಬಿಸಿಯಾಗಿ ಉಸಿರುಗಟ್ಟಿ ಅದು ಮಲಗುತ್ತಿತ್ತು. ಇವನು ಸೋಮಾರಿ ಎಂದು ಬಡಿದೆಬ್ಬಿಸುತ್ತಿದ್ದ. ಗವಸು ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಷ್ಟು ಚೆಂದ ಕೂತಿತ್ತು. ಒಂಬತ್ತನೆಯ ದಿನ ಕೋಣೆಯೆಲ್ಲ ಸುಟ್ಟ ವಾಸನೆ. ಅಳಿಯ ಏಳಲಿಲ್ಲ.

ರಿಪೇರಿಯವನು ಬಂದು ಗವಸು ಬಿಚ್ಚಿ, ಕೈ ಕೊಡವಿದ. "ಇದನ್ನ ಒಲೆ ಮಾಡಿದೀರಲ್ಲ ಸ್ವಾಮಿ! ಒಳಗಿನ ಡಿಸ್ಕೂ ಹೋಗಿದೆ, ಜೇಬಲ್ಲಿರೋದೂ ಹೋಗಿದೆ. ಯಾರು ಹೊಲಿದಿದ್ದು?"

ಮಾಸ್ತರ ಹೆಂಡತಿಯ ಕಡೆ ಕೈ ತೋರಿಸಿದ. "ಇವಳ ಕೈಗೆ ಟೇಪು ಕೊಟ್ಟಿದ್ದೇ ತಪ್ಪಾಯ್ತು."

ಅವಳು ಗವಸು ಎತ್ತಿ ಗೋಡೆಯ ಮೊಳೆಗೆ ನೇತುಹಾಕಿದಳು.

ಆಸ್ಪತ್ರೆಯವರಿಗೆ ಹೊಸ ಜೊತೆ ಬೇಕಾಗಿದ್ದುದು ಹದಿನೈದು ದಿನದಲ್ಲಿ. ಮಾಸ್ತರ ಹೋಗಿ, ಎಲ್ಲರನ್ನೂ ಮತ್ತೊಮ್ಮೆ ಅಳೆಯಬೇಕು ಎಂದ. ಅಲ್ಲಿಯ ಹಿರಿಯ ನರ್ಸಮ್ಮ ಕೇಳಿದಳು: "ನಾನೂರ ಹನ್ನೆರಡು ಜನವೂ ರೋಗಿಗಳನ್ನ ಬಿಟ್ಟು ನಿಮ್ಮ ಮುಂದೆ ಸಾಲು ನಿಲ್ಲೋದಾ?" ಚಿಕ್ಕದು, ನಡು, ದೊಡ್ಡದು ಎಂದು ಮೂರೇ ಅಳತೆಯ ರೆಡಿಮೇಡ್ ಅಂಗಿಗಳು ಬೇರೆಲ್ಲಿಂದಲೋ ಬಂದವು. ಯಾರಿಗೂ ಸರಿ ಕೂರಲಿಲ್ಲ. ಆದರೂ ಆರ್ಡರು ಹಿಂದಕ್ಕೆ ಬರಲಿಲ್ಲ.

ಆರು ಜನರಲ್ಲಿ ಮೂವರು ಮನೆಗೆ ಹೋದರು. ಹಿರಿಯ ಹೊಲಿಗೆಯವಳು ತನ್ನ ಚೀಲಕ್ಕೆ ಕನ್ನಡಕ, ಬೆರಳುಟೋಪಿ ಹಾಕಿಕೊಳ್ಳುತ್ತ ಹೇಳಿದಳು: "ಅಳಿಯ ಹೋಗುವಾಗ ನಮ್ಮನ್ನೂ ಕರ್ಕೊಂಡು ಹೋದ ನೋಡಕ್ಕ." ಈ ಸಲ ಯಾರೂ ನಗಲಿಲ್ಲ. ಮಾಸ್ತರನ ಹೆಂಡತಿ ಮೂರು ಮಿಷಿನ್ನಿಗೆ ಗವಸು ಹಾಕಿದಳು. ಅವಕ್ಕೆ ಗವಸು ಹಾಕಿದರೆ ಏನೂ ಆಗುವುದಿಲ್ಲ.

ತಂಗಿ ಬಂದಾಗ ಮಾಸ್ತರ ನೆಲ ನೋಡುತ್ತ ಹೇಳಿದ: "ಆ ಬಾಡಿಗೆದೇ ಮಾಡ್ಸಮ್ಮ."

"ಮಾಡಿಸ್ತೀನಿ. ಆದ್ರೆ ಕೇಳ್ಕೋ ಅಣ್ಣ, ಅದೂ ಅಮೃತ ಕುಡಿದು ಬಂದಿದ್ದಲ್ಲ. ಅಲ್ಲೂ ಯಂತ್ರ ಕೆಡುತ್ತೆ. ಕೆಟ್ರೆ ಬೇರೆ ಯಂತ್ರಕ್ಕೆ ನಮ್ಮ ಪಾಲನ್ನ ಎತ್ತಿ ಕೊಡ್ತಾರಾ ಅಂತ ಕೇಳೇ ತಗೋಬೇಕು. ಯಾರೋ ತಪ್ಪು ಗುಂಡಿ ಒತ್ತಿ ಅಳಿಸಿದ್ರೆ ಅಲ್ಲೂ ಅಳಿಸಿ ಹೋಗುತ್ತೆ. ಅದಕ್ಕೇ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿ ಇರ್ಲೇಬೇಕು. ಇದ್ರೆ ಸಾಲದು, ಆಗಾಗ ತೆಗೆದು ನೋಡ್ಬೇಕು. ಯಾರು ನೋಡ್ತೀರಿ?"

ಮಾಸ್ತರ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ನಾನು."

"ನಿಂಗೇನು ಗೊತ್ತೇ?" ಎಂದ.

"ಏನೂ ಗೊತ್ತಿಲ್ಲದಿದ್ರೆ ಏನಾಗುತ್ತೆ ಅಂತ ಗೊತ್ತು," ಎಂದಳು. "ಟೇಪು ಕೊಡಿ ಇಲ್ಲಿ. ಉಳಿದ ಗಿರಾಕಿಗಳನ್ನೆಲ್ಲ ಮೊದಲಿಂದ ಅಳೀಬೇಕು."

ಅವನು ಕೊಟ್ಟ. ಮನಸ್ಸಿನಿಂದಲ್ಲ, ಬೇರೆ ದಾರಿ ಇರಲಿಲ್ಲ. "ನಿನ್ನ ತಪ್ಪಲ್ಲ" ಎಂಬ ಮಾತನ್ನು ಮಾತ್ರ ಇವತ್ತಿಗೂ ಹೇಳಿಲ್ಲ. ಅವಳು ಪ್ರತಿ ಸೋಮವಾರ ಆ ಇನ್ನೊಂದು ಪ್ರತಿಯಿಂದ ಯಾವುದಾದರೂ ಹೆಸರು ತೆಗೆದು, ಅಳತೆ ಗಟ್ಟಿಯಾಗಿ ಓದುತ್ತಾಳೆ. ಅವನು ತಲೆ ತಗ್ಗಿಸಿ ಕತ್ತರಿಸುತ್ತಾನೆ.

ಅಂಗಡಿ ಇಟ್ಟ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮದು ಔಷಧಿಯೋ, ಕಬ್ಬಿಣದ ಸಾಮಾನೋ, ಕನ್ನಡಕವೋ, ಏನೇ ಇರಲಿ. ಪೆಟ್ಟಿಗೆ ಕೊಳ್ಳುವ ಮೊದಲು, ಬಾಡಿಗೆಗೆ ಒಪ್ಪುವ ಮೊದಲು, ಗೊತ್ತಿರುವವರನ್ನು ಕೂರಿಸಿಕೊಂಡು ಕೇಳಿ: ಕೆಟ್ಟರೆ ನೋಡುವವರು ಯಾರು, ಕರೆಂಟು ಹೋದರೆ ಏನು, ಇಂಟರ್ನೆಟ್ ಹೋದರೆ ಏನು, ನಾಳೆ ಬೆಳೆದರೆ ಏನು, ಇನ್ನೊಂದು ಪ್ರತಿ ಯಾವ ಮನೆಯಲ್ಲಿದೆ. ಅವರು ನಿಮ್ಮನ್ನು ನೋಡಿ ನಕ್ಕರೆ ನಗಲಿ, ಸಿಟ್ಟಿಗೆ ಬಿದ್ದು ತೀರ್ಮಾನ ಮಾಡಬೇಡಿ. ಈಗಾಗಲೇ ಪೆಟ್ಟಿಗೆ ಇದೆಯೇ? ಇವತ್ತೇ ಹೋಗಿ ಅದರ ಬೆನ್ನಿಗೆ ಕೈ ಇಟ್ಟು ನೋಡಿ. ಮೇಲೆ ಬಟ್ಟೆ ಹೊದಿಸಿದ್ದರೆ ಎಷ್ಟೇ ಚೆಂದವಿರಲಿ, ತೆಗೆದುಬಿಡಿ. ಆ ಗವಸು ಆ ಅಂಗಡಿಯ ಮೊಳೆಯಲ್ಲಿ ಇನ್ನೂ ನೇತಾಡುತ್ತಿದೆ. ಒಂದು ಹೊಲಿಗೆಯೂ ಬಿಟ್ಟಿಲ್ಲ.