ಒಪ್ಪಿಸುವ ಪದ

"ಯಾವ ಜವರಯ್ಯ? ಈ ತಾಲ್ಲೂಕಲ್ಲಿ ಕಣ್ಮುಚ್ಕಂಡು ಕಲ್ ಬೀರುದ್ರೂ ಒಬ್ಬ ಜವರಯ್ಯಂಗೆ ತಗಲ್ತದೆ," ಎಂದು ಬೋರಯ್ಯ ಬೀಡಿ ಕಚ್ಚಿಕೊಂಡೇ ನಕ್ಕ.

ಪಾಂಡವಪುರದ ಸಕ್ಕರೆ ಕಾರ್ಖಾನೆಯ ಗೇಟಿನೆದುರು ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಬೋರಯ್ಯ ಅದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದವನು. ಅವನ ಮುಂದೆ ಮುಬಾರಕ್ ಕ್ಲಾರಿನೆಟ್ಟಿನ ಕಪ್ಪು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದ.

"ಪದ ಕಟ್ಟೋ ಜವರಯ್ಯ. ಕಬ್ಬು ತೂಗೋ ಕಾಟಾದಲ್ಲಿ ಕೆಲ್ಸಕ್ಕಿದ್ರಂತೆ," ಎಂದ ಮುಬಾರಕ್.

"ಓ, ಕಾಟಾ ಜವರಯ್ಯನಾ! ಅಂಗ್ ಯೋಳಿ ಮತ್ತೆ. ಅವನು ಪದ ಎತ್ತುದ್ರೆ ತೂಕ ಆದ ಗಾಡಿಯೋರೂ ಮುಂದಕ್ಕೋಗ್ದೆ ನಿಂತ್ಬುಡೋರು, ಆಫೀಸರ್ ಬಂದು ಬಯ್ಯಬೇಕಾಗಿತ್ತು. ಕೆಲ್ಸ ಬುಟ್ಟು ಊರು ಸೇರಿ ಹತ್ತೊರ್ಸ ಆಯ್ತು ಕಣಪ್ಪ. ಹೊಣಕೆರೆ ತಾವ ಯಾವುದೋ ಹಳ್ಳಿ, ಹೆಸ್ರು ಮರ್ತೋಗದೆ. ಮಗಳ್ನ ಕೆ.ಆರ್. ಪೇಟೆಗೆ ಕೊಟ್ಟವ್ನೆ. ಅಳಿಯ ಶಿವಶಂಕರ ಅಂತ, ಬಸ್ ಸ್ಟ್ಯಾಂಡ್ ತಾವ ಸೈಕಲ್ ಶಾಪ್ ಮಡಗವ್ನೆ. ಅವನ್ನ ಕೇಳಿ."

ಮುಬಾರಕ್ ಬೋರಯ್ಯನ ಟೀ ದುಡ್ಡನ್ನೂ ತಾನೇ ಕೊಟ್ಟು ವ್ಯಾನಿನತ್ತ ಓಡಿದ. ಐವತ್ತನಾಲ್ಕರ ಗಂಡಸು ಹಾಗೆ ಓಡುವುದನ್ನು ನೋಡಿ ಡ್ರೈವರ್ ಸೀಟಿನಲ್ಲಿದ್ದ ಖಲಂದರನಿಗೆ ನಗು ತಡೆಯಲಾಗಲಿಲ್ಲ.

"ಏನ್ ಭಾಯ್, ಹೆಣ್ಣು ನೋಡಕ್ಕೆ ಹೊರ್ಟಂಗೆ ಹೊರ್ಟಿದೀಯಾ? ಭಾಬಿಗೆ ಯೋಳ್ಲಾ?"

"ಗಾಡಿ ಬುಡ್ಲಾ ಸುಮ್ನೆ. ಇನ್ನು ಎರಡೇ ದಿನ ಐತೆ ನಂಗೆ," ಎಂದ ಮುಬಾರಕ್.

ಎರಡು ದಿನವೆಂದರೆ ಶನಿವಾರ, ಭಾನುವಾರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶ್ರೀರಂಗಪಟ್ಟಣದ ಹಲ್ಲಿನ ಡಾಕ್ಟರು ಅವನ ಮುಂದಿನ ಆರು ಹಲ್ಲು ಕೀಳುವವರಿದ್ದರು. ವಸಡು ಕೊಳೆತಿತ್ತು, ಬೇರೆ ದಾರಿ ಇರಲಿಲ್ಲ. ಕ್ಲಾರಿನೆಟ್ ಊದುವವನಿಗೆ ಮುಂದಿನ ಹಲ್ಲೇ ಆಧಾರ. ಮೇಲಿನ ಹಲ್ಲು ವಾದ್ಯದ ಮೂತಿಯ ಮೇಲೆ ಕೂರಬೇಕು, ಕೆಳಗಿನ ಹಲ್ಲು ತುಟಿಗೆ ಆಸರೆ ಕೊಡಬೇಕು. ಕಟ್ಟಿಸಿದ ಹಲ್ಲಲ್ಲೂ ಊದಬಹುದು ಬಿಡಿ ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ಪಾಪ, ಅವರೇನು ಊದಿದವರೇ? ಹಾಗೆ ಊದಿದ ಒಬ್ಬನನ್ನೂ ಮುಬಾರಕ್ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಬ್ಯಾಂಡ್ ಸೆಟ್ಟಿನಲ್ಲಿ ಅವನೊಬ್ಬನೇ ಕ್ಲಾರಿನೆಟ್. ಸುತ್ತಿನ ನಾಲ್ಕು ತಾಲ್ಲೂಕಿನ ಮದುವೆಗಳಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ಅವನು ನುಡಿಸುತ್ತಿದ್ದ ಒಂದು ಮಟ್ಟಿಗೆ ಅಳದ ತಾಯಿಯಿಲ್ಲ. ಮದುವೆ ಮಾತಾಡಲು ಬಂದವರು "ಆ ಅಳೋದು ಊದ್ತೀರಿ ತಾನೆ ಸಾಬ್ರೆ?" ಎಂದು ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಯಾವ ಹಾಡಾದರೂ ಒಂದು ಸಲ ಕಿವಿಗೆ ಬಿದ್ದರೆ ಸಾಕು, ಮಧ್ಯಾಹ್ನದೊಳಗೆ ಬೆರಳಿಗಿಳಿಯುತ್ತದೆ ಎಂಬ ಜಂಬ ಅವನಿಗಿತ್ತು. ಇದೂ ಹಾಗೆ ಎಲ್ಲೋ ಬಿದ್ದದ್ದು; ಎಲ್ಲೆಂದು ಅವನಿಗೆ ನೆನಪಿರಲಿಲ್ಲ. ಐದು ವರ್ಷದ ಹಿಂದೆ ನಾಗಮಂಗಲದ ಮದುವೆಯೊಂದರಲ್ಲಿ ಒಬ್ಬ ನಾಟಕದ ಮೇಷ್ಟ್ರು ಹತ್ತಿರ ಬಂದು, "ಇದು ಕಾಟಾ ಜವರಯ್ಯನ ಮಟ್ಟು ಕಣ್ರೀ. 'ಒಟ್ಲಲ್ಲಿ ಬೆಳದ ಪೈರೆ, ನನ ಮಗಳೆ' ಅಂತ ಶುರುವಾಗ್ತದೆ. ಅವ್ನು ಕಟ್ತಿದ್ದಾಗ ಅಷ್ಟೇ ಕಿವಿಗೆ ಬಿದ್ದಿದ್ದು, ಮುಂದಿನ್ದು ನಂಗೂ ಗೊತ್ತಿಲ್ಲ," ಎಂದಿದ್ದರು. ಒಟ್ಲು ಎಂದರೆ ನಾಟಿಗೆ ಮೊದಲು ಭತ್ತದ ಸಸಿ ಬೆಳೆಸುವ ಮಡಿ. ಅಂದಿನಿಂದ ಮುಬಾರಕ್ ಸಿಕ್ಕ ಸಿಕ್ಕ ನಾಟಕದವರನ್ನು ಕಾಡಿ ಜವರಯ್ಯನ ಹನ್ನೊಂದು ಪದ ಕಲಿತಿದ್ದ. ಕಲಿತಷ್ಟೂ ಆಸೆ ಹೆಚ್ಚಿತು. ಪದ ಕಟ್ಟಿದವನ ಮುಂದೆ ಕೂತು, ಹಲ್ಲಿರುವಾಗಲೇ ಒಂದು ಸಲ, ಆ ಮಟ್ಟನ್ನು ಊದಬೇಕು. ಚೆನ್ನಾಗಿದೆ ಎಂದು ಆತ ತಲೆಯಾಡಿಸಿದರೆ ಸಾಕು, ಆಮೇಲೆ ಹಲ್ಲು ಹೋದರೆ ಹೋಗಲಿ.

"ಅಷ್ಟೊರ್ಸದಿಂದ ಊದ್ತಿದೀರಿ, ಈಗ ಯಾರೋ ಒಬ್ರು ತಲೆ ಆಡಿಸ್ಬೇಕಾ?" ಎಂದು ಬೆಳಿಗ್ಗೆ ಕಮರುನ್ನೀಸಾ ಕೇಳಿದ್ದಳು. ಕೇಳಿದರೂ ಗಂಡನ ಕೈಗೆ ನಾಲ್ಕು ಲವಂಗ ಕಟ್ಟಿಕೊಟ್ಟಿದ್ದಳು. ಒಂದನ್ನು ದವಡೆಯಲ್ಲಿಟ್ಟುಕೊಂಡು ಅವನು ದಾರಿಯುದ್ದಕ್ಕೂ ಬೆರಳಲ್ಲಿ ಮೊಣಕಾಲಿನ ಮೇಲೆ ಮಟ್ಟು ನುಡಿಸುತ್ತಾ ಕೂತ.

ಕೆ.ಆರ್. ಪೇಟೆಯ ಸೈಕಲ್ ಶಾಪು ಕೇಳಿದವರೆಲ್ಲ ಕೈ ತೋರಿಸುವಂಥದೇ. ಶಿವಶಂಕರ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಬಂದ ಕಾರಣ ಕೇಳಿ ಟ್ಯೂಬನ್ನು ಅಲ್ಲೇ ಬಿಟ್ಟು ಎದ್ದುನಿಂತ.

"ನಮ್ ಮಾವನ್ನ ಹುಡಿಕ್ಕೊಂಡು ಪಟ್ಣದಿಂದ ಬಂದ್ರಾ? ನಮ್ ಮಾವ ಹಾಡ್ತಾರಾ? ಹದಿನೆಂಟೊರ್ಸ ಆಯ್ತು ಕಣ್ರೀ ನನ್ ಮದ್ವೆಯಾಗಿ, ಒಂದಿನ ಬಾಯ್ಬುಟ್ಟು ಹಾಡಿದ್ದ ಕಾಣೆ. ಜನ ಹಾಡ್ತಿದ್ರು ಅಂತಾರೆ. ಮದ್ವೆಗೆ ಮುಂಚೆ ಅಂತೆ." ಕೈ ಒರೆಸಿಕೊಳ್ಳುತ್ತಾ ವ್ಯಾನಿನ ಕಡೆ ಒಂದು ಕಣ್ಣು ಹಾಯಿಸಿದ. "ಅಲ್ಲಾ, ಹೆಂಗೂ ಹೊರ್ಟಿದೀರಿ, ನಾನೂ ಬರ್ಲಾ? ನಮ್ಮೋಳು ಅಪ್ಪನ ಮನೆಗೋಗಿ ಹತ್ತು ದಿನ ಆಯ್ತು. ಮಾವಂಗೆ ಕಣ್ಣಿಗೆ ಪೊರೆ, ನೋಡ್ಕಬೇಕು ಅಂತಾಳೆ. ಇಲ್ಲಿ ನಂಗೆ ಮೂರೊತ್ತೂ ಓಟ್ಲು ಊಟ. ಬರ್ತಾ ಕರ್ಕಂಡು ಬಂದ್ಬುಡಾವ."

ಖಲಂದರ್ ಸಂಜೆಯೊಳಗೆ ಶ್ರೀರಂಗಪಟ್ಟಣಕ್ಕೆ ಬೇರೆ ಲೋಡು ಹಾಕಬೇಕೆಂದು ಗೊಣಗಿದ. ಮುಬಾರಕ್ ಕೇಳಿಸಿಕೊಳ್ಳಲಿಲ್ಲ, ಆಗಲೇ ಸೀಟಿನಲ್ಲಿ ಜರುಗಿ ಜಾಗ ಮಾಡಿದ್ದ.

ಹೊಣಕೆರೆ ದಾಟಿ ಮಣ್ಣಿನ ರಸ್ತೆಯಲ್ಲಿ ಕುಲುಕಾಡಿಕೊಂಡು ಹಳ್ಳಿ ಮುಟ್ಟುವಾಗ ಮೂರು ಗಂಟೆ. ಜವರಯ್ಯನ ಮನೆ ಊರ ಕೊನೆಯಲ್ಲಿತ್ತು. ಜಗುಲಿ, ಎರಡು ಕಂಬ, ಅಂಗಳದಲ್ಲಿ ಹರಡಿದ ಹುರುಳಿ. ಮುದುಕ ಜಗುಲಿಯ ಮೇಲೆ ಕೂತು ಹುರುಳಿಗೆ ಬಾಯಿಹಾಕುವ ಕೋಳಿಗಳನ್ನು ಅಂದಾಜಿನ ಮೇಲೆ ಗದರಿಸುತ್ತಿದ್ದ. ಮಗಳು ಅಣ್ಣಮ್ಮ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದು, ಗಂಡನನ್ನು ನೋಡಿ, "ಅಯ್ಯೋ, ನೀವ್ಯಾಕೆ ಬಂದ್ರಿ? ನಾನೇ ಬತ್ತಿರ್ನಿಲ್ವಾ?" ಎಂದಳು. ಮುಖ ಮಾತ್ರ ಅರಳಿತ್ತು.

ಶಿವಶಂಕರ್ ವಿಷಯ ಹೇಳಿದ. ಕಾಫಿಯಾಯಿತು. ಮುಬಾರಕ್ ಜವರಯ್ಯನ ಕಾಲಬುಡದಲ್ಲಿ ಚಾಪೆಯ ಮೇಲೆ ಕೂತು, ಕಲಿತ ಹನ್ನೊಂದು ಪದಗಳ ಮೊದಲ ಸಾಲುಗಳನ್ನು ಒಂದೊಂದಾಗಿ ಹೇಳಿದ. ಮುದುಕ ಪ್ರತಿಯೊಂದಕ್ಕೂ "ಊಂ, ನಂದೇ," "ಊಂ, ಅದೂ ನಂದೇ," ಎನ್ನುತ್ತಾ ಹೋದ. ಕಳೆದುಹೋದ ದನಗಳನ್ನು ಯಾರೋ ಹಿಡಿದು ತಂದು ತೋರಿಸುತ್ತಿದ್ದಾರೇನೋ ಎನ್ನುವಂತಿತ್ತು ಆ ದನಿ.

"ಇನ್ನೊಂದೈತೆ ಯಜಮಾನ್ರೆ. ಅದನ್ನ ಬಾಯಲ್ಲಿ ಯೋಳಲ್ಲ, ಊದ್ತೀನಿ," ಎಂದ ಮುಬಾರಕ್.

"ಊದಿ ಸಾಬ್ರೆ. ನಮ್ಮಪ್ಪನ ಪದ ಹುಡಿಕ್ಕೊಂಡು ಯಾರು ಬಂದವ್ರೆ ಇಷ್ಟು ದೂರ?" ಎಂದು ಅಣ್ಣಮ್ಮ ಬಾಗಿಲಿಗೊರಗಿ ಕೂತಳು.

ಅವನು ಪೆಟ್ಟಿಗೆ ತೆರೆದು ತುಂಡುಗಳನ್ನು ಜೋಡಿಸತೊಡಗಿದ. ಮೂತಿಗೆ ಕಟ್ಟುವ ರೀಡು, ಆ ತೆಳ್ಳಗಿನ ಜೊಂಡಿನ ಸೀಳು, ನೆನೆಯದೆ ನುಡಿಯುವುದಿಲ್ಲ. ಅದನ್ನು ನಾಲಿಗೆಯ ಮೇಲಿಟ್ಟು ಬಾಯಿ ಮುಚ್ಚಿದ. ಎರಡು ನಿಮಿಷವಾದರೂ ಹಾಗೆ ಇರಬೇಕು.

ಆ ಎರಡು ನಿಮಿಷದಲ್ಲಿ ಜವರಯ್ಯ ಮಾತಿಗೆ ಶುರುಮಾಡಿದ.

"ಎಲ್ಲಿಯೋರು ಅಂದ್ರಿ, ಪಟ್ಣ? ಗಂಜಾಂನಿಂದ ಒಂದು ಬ್ಯಾಂಡ್ ಸೆಟ್ಟು ಬಂದಿತ್ತು ಇವಳ ಮದ್ವೆಗೆ. ಪಾಂಡವಪುರದಾಗೆ, ಕ್ವಾಟ್ರಸ್ ಮುಂದೆ ಚಪ್ಪರ. ನಾನೊಂದು ಪದ ಕಟ್ಟಿದ್ದೆ ಕಣಪ್ಪ, ಇವಳ್ನ ಒಪ್ಪಿಸೋಕೆ ಅಂತ. ಅವ್ವ ಇಲ್ಲದ ಕೂಸು. ಅವ್ವ ಇದ್ದಿದ್ರೆ ಅವಳು ಯೋಳೋಳು, ಇಲ್ಲ, ಅದಕ್ಕೆ ನಾನೇ ಯೋಳಾವ ಅಂತ. ಆರು ತಿಂಗ್ಳು ಕಟ್ಟಿದೀನಿ ಆ ಪದನ. ಒಪ್ಪಿಸೋ ಪದ ಒಂದೇ ಸಲ ಕಣಪ್ಪ, ಬಾಗ್ಲಲ್ಲಿ. ಎರಡ್ನೇ ಸಲ ಯೋಳೋ ಅಂಗಿಲ್ಲ. ಬೆಳಿಗ್ಗೆ ಮರ್ತೋದೀತು ಅಂತ ಅಡಿಗೆ ಒಲೆ ತಾವ ಕುಂತ್ಕಂಡು ಮೆಲ್ಲಗೆ ಗುನುಗ್ತಿದ್ದೆ. ಬ್ಯಾಂಡ್ನೋರು ಅಲ್ಲೇ ಉಪ್ಪಿಟ್ಟು ತಿಂತಿದ್ರು."

ಮುಬಾರಕನ ನಾಲಿಗೆಯ ಮೇಲೆ ರೀಡು ಅಲುಗದೆ ಕೂತಿತ್ತು. ಬೇಕೆಂದರೂ ಮಾತಾಡುವಂತಿರಲಿಲ್ಲ.

"ಒಪ್ಪಿಸೋ ಹೊತ್ತಾಯ್ತು. ಇವಳು ಬಾಗ್ಲಲ್ಲಿ ನಿಂತವ್ಳೆ. ನಾನು ಬಾಯ್ ತೆಗ್ದೆ. ಅಷ್ಟೊತ್ತಿಗೆ ಅದೇ ಮಟ್ಟು, ನನ್ ಮಟ್ಟು, ಡೋಲು ಗೀಲು ಸೇರಿಸ್ಕಂಡು ಬ್ಯಾಂಡ್ನೋರು ಎತ್ಬುಟ್ರು! ಊರೇ ಕಿತ್ತೋಗಂಗೆ. ಜನ ಎಲ್ಲಾ ಗೊಳೋ ಅಂತ ಅತ್ರು, ಇವಳೂ ಅತ್ಳು. ನಾನು ಬಾಯ್ ತಕ್ಕಂಡು ನಿಂತಿದ್ದೆ, ಯಾರ್ಗೂ ಕೇಳ್ನಿಲ್ಲ. ಮುಗಿಯೋ ಹೊತ್ಗೆ ಗಾಡಿ ಹೊಂಟೋಗಿತ್ತು."

"ಅಪ್ಪಾ," ಎಂದಳು ಅಣ್ಣಮ್ಮ. "ನಂಗೆ ಯಾವತ್ತೂ ಯೋಳ್ನೇ ಇಲ್ವಲ್ಲ ನೀನು?"

"ಏನಂತ ಯೋಳದವ್ವ? ಆಮ್ಯಾಕೆ ಬಾಯಿಗೆ ಪದ ಬರ್ನೇ ಇಲ್ಲ, ಬುಡು."

ಬೆನ್ನು ತಿರುಗಿಸಿ ಒಲೆಯ ಮುಂದೆ ಕೂತ ಒಬ್ಬ ಗಂಡಸು, ಹೆಗಲ ಮೇಲೆ ಹೊಸ ಟವೆಲ್ಲು. ಬಾಳೆಲೆಯಲ್ಲಿ ಬಿಸಿ ಉಪ್ಪಿಟ್ಟು. ಎಲ್ಲಾ ಒಟ್ಟಿಗೆ ಮುಬಾರಕನ ಕಣ್ಣಮುಂದೆ ಬಂತು. ಅಡಿಗೆಯವನಿರಬೇಕು ಎಂದುಕೊಂಡಿದ್ದ ಅಂದು. ಮಟ್ಟು ಚೆನ್ನಾಗಿದೆ, ಮದುವೆ ಮನೆಯವರಿಗೆ ಖುಷಿಯಾಗಲಿ ಎಂದು ಡೋಲಿನವನಿಗೆ ಕಣ್ಣಲ್ಲೇ ಸನ್ನೆ ಮಾಡಿದ್ದ. ಆಮೇಲೆ ಹದಿನೆಂಟು ವರ್ಷ ಅದರ ಮೇಲೆ ಹೆಸರು ಮಾಡಿದ್ದ. ರೀಡನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡ.

"ಯಜಮಾನ್ರೆ," ಎಂದ. "ಆವತ್ತು ಊದಿದ್ದು ನಾನೇ. ಗಂಜಾಂ ಸೆಟ್ಟಲ್ಲಿ ಕ್ಲಾರಿನೆಟ್ಟು ನಾನೊಬ್ನೇ. ನಿಮ್ ಬಾಯಿಂದ ಕಿತ್ಕೊಂಡೋನು ನಾನೇ. ಖುದಾ ಕಸಮ್, ಗೊತ್ತಿರ್ಲಿಲ್ಲ ನಂಗೆ."

ಶಿವಶಂಕರ್ ಹೆಂಡತಿಯ ಮುಖ ನೋಡಿದ. ಜವರಯ್ಯ ಪೊರೆ ಬಂದ ಕಣ್ಣುಗಳನ್ನು ಕಿರಿದು ಮಾಡಿ ಚಾಪೆಯತ್ತ ಬಹಳ ಹೊತ್ತು ನೋಡಿದ.

"ಚೆನ್ನಾಗೇ ಊದ್ದೆ ಕಣಪ್ಪ," ಎಂದ ಕೊನೆಗೆ. "ಅದೇ ತಾಪತ್ರಯ ಆಗಿದ್ದು. ಕೆಟ್ಟದಾಗಿ ಊದಿದ್ರೆ ನಿಲ್ಸಲಾ ಮುಚ್ಕಂಡು ಅಂತಿದ್ದೆ." ಕೈಯಾಡಿಸಿ, "ಊದು ಈಗ. ಅದಕ್ಕೆ ತಾನೆ ಬಂದಿರೋದು?" ಎಂದ.

ಮುಬಾರಕ್ ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಎಳೆದುಕೊಂಡ. ಇದಕ್ಕಾಗಿ ಐದು ವರ್ಷ ಹಂಬಲಿಸಿದ್ದ. ಊದು ಎಂದು ಆತನ ಬಾಯಲ್ಲೇ ಬಂದಿತ್ತು. ಸೋಮವಾರದ ಮೇಲೆ ಬೇಕೆಂದರೂ ಆಗುತ್ತಿರಲಿಲ್ಲ. ಅವನ ಬೆರಳುಗಳು ಕ್ಲಾರಿನೆಟ್ಟಿನ ತೂತುಗಳನ್ನು ಒಂದೊಂದಾಗಿ ಮುಚ್ಚಿ ತೆರೆದವು. ಆಮೇಲೆ ಜೋಡಿಸಿದ್ದ ತುಂಡುಗಳನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ.

"ಊದಲ್ಲ ಯಜಮಾನ್ರೆ," ಎಂದಷ್ಟೇ ಹೇಳಿದ.

ಅಷ್ಟರಲ್ಲಿ ಖಲಂದರ್ ಬಿಸಿಲು ಇಳಿಯಿತೆಂದು ಬೀದಿಯಿಂದ ಕೂಗು ಹಾಕಿದ. ಅಣ್ಣಮ್ಮ ಕಣ್ಣೊರೆಸಿಕೊಂಡು ಒಳಗೆ ಹೋಗಿ ಬ್ಯಾಗು ತಂದಳು. ಪಕ್ಕದ ಮನೆ ಯಶೋದಮ್ಮನಿಗೆ ಅಪ್ಪನ ಮಾತ್ರೆ, ಊಟದ ಜವಾಬ್ದಾರಿ ಒಪ್ಪಿಸಿ ಬಂದಳು. ಶಿವಶಂಕರ್ ಮಾವ ಕೊಟ್ಟ ಹುರುಳಿ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಅಂಗಳಕ್ಕಿಳಿದ. "ಬತ್ತೀನಿ ಅಪ್ಪಾ, ಔಷ್ದಿ ಬುಡ್ಬ್ಯಾಡ," ಎಂದು ಅಣ್ಣಮ್ಮ ಹೊಸ್ತಿಲ ಬಳಿ ನಿಂತು ಚಪ್ಪಲಿಗೆ ಕಾಲು ಹಾಕತೊಡಗಿದಳು.

ಮುಬಾರಕ್ ಮುದುಕನ ಪಕ್ಕಕ್ಕೆ ಬಗ್ಗಿದ. "ಬಾಗ್ಲಲ್ಲೇ ಅವ್ರೆ ಯಜಮಾನ್ರೆ. ಅಳೀಮಯ್ಯನೂ ಅವ್ರೆ. ಈಗ ಯೋಳಿ."

"ಎರಡ್ನೇ ಸಲ ಯೋಳೋ ಅಂಗಿಲ್ಲ ಅಂದ್ನಲ್ಲಪ್ಪ."

"ಆವತ್ತು ಯೋಳಿದ್ದು ನಾನು. ನೀವಿನ್ನೂ ಯೋಳೇ ಇಲ್ಲ."

ಜವರಯ್ಯ ಕಂಬ ಹಿಡಿದು ಎದ್ದ. ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ, ಗಂಟಲು ಕ್ಯಾಕರಿಸಿದ, ನಾಚಿಕೆಯಿಂದ ಒಮ್ಮೆ ನಕ್ಕ. ಆಮೇಲೆ ಮಗಳಿದ್ದ ಕಡೆಗೆ ಮುಖ ಮಾಡಿ, ಒಡೆದ ದನಿಯಲ್ಲಿ ಶುರುಮಾಡಿದ. "ಒಟ್ಲಲ್ಲಿ ಬೆಳದ ಪೈರೆ, ನನ ಮಗಳೆ..."

ಬೀದಿಯಲ್ಲಿ ವ್ಯಾನು ಗುರ್ರೆಂದಿತು. ಖಲಂದರ್ ಹೊರಡುವ ಅವಸರದಲ್ಲಿ ಆಕ್ಸಿಲರೇಟರ್ ಒತ್ತುತ್ತಿದ್ದ. ಮುದುಕನ ಬಾಯಿ ತೆರೆದಂತೆಯೇ ನಿಂತಿತು, ದನಿ ಕೇಳಿಸಲಿಲ್ಲ.

ಮುಬಾರಕ್ ಜಗುಲಿಯಿಂದ ಧುಮುಕಿ, ಹುರುಳಿ ತುಳಿದುಕೊಂಡೇ ಅಂಗಳ ದಾಟಿ ಓಡಿದ. "ಬಂದ್ ಕರೋ! ನಿಲ್ಸಲಾ!" ಎನ್ನುತ್ತಾ ಕಿಟಕಿಯೊಳಗೆ ಕೈ ತೂರಿಸಿ ಖಲಂದರನ ಎದೆ ದಾಟಿ ಕೀಲಿ ತಿರುಗಿಸಿಬಿಟ್ಟ. ಇಂಜಿನ್ನು ಎರಡು ಸಲ ಕೆಮ್ಮಿ ನಿಂತಿತು.

ಊರು ನಿಶ್ಶಬ್ದವಾಯಿತು. ಜವರಯ್ಯ ಮತ್ತೆ ಮೊದಲಿನಿಂದ ಎತ್ತಿಕೊಂಡ. ಒಟ್ಲು ಬಂತು, ಪೈರು ಬಂತು. ಮುಬಾರಕ್ ಈವರೆಗೆ ಕೇಳದಿದ್ದ ಎರಡನೆಯ ಸಾಲು ಬಂತು.

"ಕಿತ್ತ ಕೈಯಿ ನನ್ನದೆ, ನೆಟ್ಟ ಮಣ್ಣು ಅವರದು..."

ಅಣ್ಣಮ್ಮ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಹಾಗೇ ನಿಂತಿದ್ದಳು. ಅಂಗಳದ ನಡುವೆ ಶಿವಶಂಕರ್, ತಲೆಯ ಮೇಲಿನ ಚೀಲ ಇಳಿಸಬೇಕೋ ಬೇಡವೋ ತಿಳಿಯದೆ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದ. ಮುಬಾರಕ್ ವ್ಯಾನಿನ ಬಳಿಯೇ ಉಳಿದ. ಕಿಟಕಿಯೊಳಗಿನ ಕೀಲಿಯ ಮೇಲಿಂದ ಅವನು ಕೈ ತೆಗೆಯಲಿಲ್ಲ.